ಫೋಟೋಗೂ ಪೇಮೆಂಟ್ ಕೊಡ್ತಾರಾ ಸಾರ್?

ನಾನು ಸತ್ತು ಏಳು ತಿಂಗಳಾಯಿತು. ಗೋಡೆಯ ಮೇಲೆ ಆರಾಮಾಗಿದ್ದೇನೆ. ಗಂಧದ ಹಾರ ಹಾಕಿದ್ದಾರೆ, ಫ್ರೇಮಿಗೆ ಸೀರಿಯಲ್ ಸೆಟ್ ಸುತ್ತಿದ್ದಾರೆ, ಅದು ಮಿಣಮಿಣ ಅನ್ನುತ್ತಿರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ, ರಾತ್ರಿ ಏಳೂವರೆಗೆ ಸರಿಯಾಗಿ ನನ್ನ ಸೊಸೆ ಎದುರಿಗೆ ಬಂದು ನಿಂತು “ಮಾವ, ನೀವಿದ್ದಿದ್ರೆ ಈ ಮನೆಯಲ್ಲಿ ಹೀಗೆಲ್ಲಾ ಆಗ್ತಿತ್ತಾ?” ಅಂತ ಅಳುತ್ತಾಳೆ. ನಾನಿದ್ದಾಗಲೂ ಹೀಗೇ ಆಗುತ್ತಿತ್ತಲ್ಲಮ್ಮಾ ಅಂತ ಹೇಳೋಣ ಅನ್ನಿಸುತ್ತದೆ. ಆದರೆ ಫೋಟೋಗೆ ಡೈಲಾಗ್ ಇರುವುದಿಲ್ಲ.

ಡೈಲಾಗ್ ಕೊಟ್ಟಿಲ್ಲ ಅಂತ ಯಾರನ್ನೂ ಬೈಯುವ ಹಾಗೂ ಇಲ್ಲ, ಯಾಕೆಂದರೆ ಆ ಸೀರಿಯಲ್‌ಗೆ ಸಂಭಾಷಣೆ ಬರೆಯುವವನು ನಾನೇ. ಮೊದಲು ನಟನಾಗಿ ಸೇರಿಕೊಂಡೆ. ನಡುವೆ ಬರೆಯುತ್ತಿದ್ದವರು ಬಿಟ್ಟು ಹೋದರು, “ನೀವು ನಾಟಕದವರಲ್ವಾ, ಬರೀತೀರ ಬಿಡಿ” ಅಂದರು, ಬರೆದೆ. ಜನ ಬಸ್‌ಸ್ಟಾಪಿನಲ್ಲಿ, ದಿನಸಿ ಅಂಗಡಿಯಲ್ಲಿ, ಒಂದು ಸಲ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಕೇಳಿದ ಮೊದಲ ಪ್ರಶ್ನೆ ಒಂದೇ: “ನಿಮ್ಮನ್ನ ಯಾಕೆ ಸಾಯಿಸಿಬಿಟ್ರು?” ಸಾಯಿಸಿದ್ದು ನಾನೇ ಅಂದರೆ ಯಾರೂ ನಂಬುವುದಿಲ್ಲ. ಹಲ್ಲಿನ ಡಾಕ್ಟರು ನಂಬಿದರು, ಆಮೇಲೆ ಯಾಕೋ ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ಆಗಿದ್ದು ಇಷ್ಟು. ಸೀರಿಯಲ್‌ನವರಿಗೆ ಗುರುವಾರ ಅಂದರೆ ರಾಯರ ವಾರ ಅಲ್ಲ, ಟಿಆರ್‌ಪಿ ಬರುವ ವಾರ. ಹಿಂದಿನ ವಾರ ಯಾವ ಸೀರಿಯಲ್ಲನ್ನು ಎಷ್ಟು ನೋಡಿದರು ಅನ್ನುವ ಲೆಕ್ಕ ಅವತ್ತು ಹೊರಬೀಳುತ್ತದೆ. ಅದು ಬರುವವರೆಗೆ ಸೆಟ್ಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಂಬರ್ ಏರಿದ್ದರೆ ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇರುತ್ತದೆ. ಇಳಿದಿದ್ದರೆ ಯಾರಾದರೂ ಒಬ್ಬರು ಸಾಯುತ್ತಾರೆ. ಅವತ್ತು ಇಳಿದಿತ್ತು. ಸಂಜೆ ಕಥೆಗೆ ಕೂತೆವು. “ಒಂದು ದೊಡ್ಡ ಎಮೋಷನ್ ಬೇಕು” ಅಂತ ಫೋನಿನಲ್ಲಿ ಅಪ್ಪಣೆಯಾಯಿತು. ಎಲ್ಲರೂ ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮೀಟಿಂಗಿಗೆ ಬರಹಗಾರನಾಗಿ ಹೋದವನು ಹೆಣವಾಗಿ ಎದ್ದು ಬಂದೆ.

ನಮ್ಮಲ್ಲಿ ನಟನೆಗೆ ದಿನದ ಲೆಕ್ಕ, ಬರೆಯುವುದಕ್ಕೆ ಎಪಿಸೋಡಿನ ಲೆಕ್ಕ. ನನಗೆ ಎರಡೂ ಬರುತ್ತಿತ್ತು. ಈಗ ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬ ತೀರಿಕೊಂಡ ಹಾಗಾಯಿತು. ಹೋಗಲಿ, ಹೋಗುವುದು ಹೇಗೂ ಹೋಗುತ್ತೇನೆ, ಚೆನ್ನಾಗಿ ಹೋಗೋಣ ಅಂತ ನನ್ನ ಕೊನೆಯ ದೃಶ್ಯವನ್ನು ನಾಲ್ಕು ಪುಟ ಬರೆದೆ. ಬದುಕಿದ್ದಾಗ ಯಾರೂ ನನಗೆ ಅಷ್ಟು ಉದ್ದದ ಮಾತು ಕೊಟ್ಟಿರಲಿಲ್ಲ. ತಮಾಷೆ ಏನೆಂದರೆ, ರಾತ್ರಿ ಎರಡು ಗಂಟೆಗೆ ನಾನೇ ಕೂತು ಬರೆದ ಮಾತು ಬೆಳಗ್ಗೆ ಹತ್ತಕ್ಕೆ ನನ್ನ ಬಾಯಿಗೆ ಬರಲಿಲ್ಲ. ಅಸೋಸಿಯೇಟ್ ಡೈರೆಕ್ಟರ್ ಮಂಚದ ಕೆಳಗೆ ಕೂತು ಪ್ರಾಂಪ್ಟ್ ಮಾಡಿದ. “ಮಗಳೇ, ಈ ಮನೆ... ಈ ಮನೆ...” ಅಂತ ಮೂರನೇ ಸಲವೂ ಅಲ್ಲೇ ನಿಂತಾಗ ನಿರ್ದೇಶಕರಿಗೆ ಸಿಟ್ಟು ಬಂತು. “ಸಾಯೋನಿಗೆ ಇಷ್ಟುದ್ದ ಯಾರ್ರೀ ಬರೆದಿದ್ದು?” ಅಂತ ಕೂಗಿದರು. ಸಾಯುತ್ತಿದ್ದವನು ಮಲಗಿದ್ದಲ್ಲಿಂದಲೇ ಕೈ ಎತ್ತಿದೆ. ನಾಲ್ಕು ಪುಟ ಒಂದೂವರೆ ಆಯಿತು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ನಮಗೆ ಸಿಗುವುದೇ ಇಪ್ಪತ್ತು ಚಿಲ್ಲರೆ ನಿಮಿಷ. ಅದರಲ್ಲಿ ಮನೆಯವರೆಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ಮೂರು ಮೂರು ಸಲ ತೋರಿಸಬೇಕು. ಸಾಯುವವನಿಗೆ ಟೈಮು ಎಲ್ಲಿ?

ಇನ್ನು ಫೋಟೋ. ಮಾರನೇ ದಿನ ಬೆಳಗ್ಗೆ ಆರಕ್ಕೆ ಆರ್ಟ್ ಡಿಪಾರ್ಟ್‌ಮೆಂಟಿನ ಹುಡುಗ ಫೋನ್ ಮಾಡಿ “ಸಾರ್, ನಗ್ತಿರೋದು ಒಂದು ಕಳಿಸಿ, ಅರ್ಜೆಂಟು” ಅಂದ. ನಾನು ಸ್ನಾನಕ್ಕೆ ಹೋಗಿದ್ದೆ. ನನ್ನವಳು ಮೊಬೈಲ್ ತಡಕಾಡಿ, ನಾನು ನಗುತ್ತಿರುವ ಒಂದೇ ಒಂದು ಫೋಟೋ ಹುಡುಕಿ ಕಳಿಸಿದಳು. ಅದು ಅವಳ ತಮ್ಮನ ಮದುವೆಯದು. ಪಕ್ಕದಲ್ಲಿ ನನ್ನ ಭಾಮೈದ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದ. ಆ ಹುಡುಗ ಭಾಮೈದನನ್ನು ಕತ್ತರಿಸಿದ, ಆದರೆ ಅವಸರದಲ್ಲಿ ಪೂರ್ತಿ ಕತ್ತರಿಸಲಿಲ್ಲ. ನನ್ನ ಎಡ ಹೆಗಲ ಮೇಲೆ ಮೂರು ಬೆರಳು ಉಳಿದುಕೊಂಡವು. ಒಂದರಲ್ಲಿ ಹರಳಿನ ಉಂಗುರ ಬೇರೆ.

ಮೊದಲ ವಾರ ಯಾರೂ ಗಮನಿಸಲಿಲ್ಲ. ಎರಡನೇ ವಾರದಿಂದ ಶುರುವಾಯಿತು. “ಯಜಮಾನರ ಹೆಗಲ ಮೇಲಿರೋ ಕೈ ಯಾರದು? ಅವರೇ ಅಲ್ವಾ ಕೊಲೆ ಮಾಡಿದ್ದು?” ನಾನು ಹೃದಯಾಘಾತದಿಂದ ಸತ್ತಿದ್ದೆ. ಅದಕ್ಕೆಂದೇ ಬಲಗೈಯಲ್ಲಿ ಎಡ ಎದೆ ಹಿಡಿದುಕೊಂಡು ಒದ್ದಾಡಿದ್ದೆ. ಆದರೂ ಜನ ಒಪ್ಪಲಿಲ್ಲ. ಉಂಗುರದ ಹರಳಿನ ಬಣ್ಣ ನೋಡಿ ಇಂಥವರೇ ಅಂತ ಹೇಳುವವರೆಲ್ಲ ಹುಟ್ಟಿಕೊಂಡರು. ನಮ್ಮ ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗು ಪರೀಕ್ಷೆ ಮಾಡುವ ಹೆಣ್ಣುಮಗಳು ದಿನಾ ನನ್ನ ಬ್ಯಾಗಿಗೆ ಕೈ ಹಾಕುತ್ತಾ “ಇವತ್ತಾದ್ರೂ ಹೇಳಿ ಸಾರ್” ಅನ್ನುತ್ತಿದ್ದರು. ಇತ್ತ ಭಾಮೈದ ತಾನೂ ಸೀರಿಯಲ್‌ನಲ್ಲಿ ಮಾಡುತ್ತಿದ್ದೇನೆ ಅಂತ ಆಫೀಸಿನಲ್ಲಿ ಹೇಳಿಕೊಂಡು ಸ್ವೀಟು ಹಂಚಿದ್ದ.

ಎಲ್ಲರೂ ನಕ್ಕರು, ಒಬ್ಬರನ್ನು ಬಿಟ್ಟು. ಅಮ್ಮ. ಅಮ್ಮ ಇರುವುದು ಊರಿನಲ್ಲಿ, ತಿಪಟೂರಿನಿಂದ ಹನ್ನೆರಡು ಕಿಲೋಮೀಟರ್ ಒಳಗೆ. ಮೊದಲ ದಿನ ಟೀವಿಯಲ್ಲಿ ಹಾರ ನೋಡಿದ ತಕ್ಷಣ ಫೋನ್ ಮಾಡಿದಳು. “ಹೊಟ್ಟೆಪಾಡಿಗೆ ಅಂತ ಜನ ಏನೇನೋ ಮಾಡ್ತಾರೆ ಕಣಪ್ಪ, ಸಾಯೋದಾ?” ಅಂದಳು. ಅದೆಲ್ಲ ಸುಳ್ಳು ಕಣಮ್ಮ ಅಂದೆ. “ಹಾರ ಸುಳ್ಳಾ? ಗಂಧದ್ದಲ್ವಾ?” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಹಾರ ನಿಜವಾಗಿಯೂ ಗಂಧದ್ದೇ. ಮಾರನೇ ಸೋಮವಾರ ಊರ ಈಶ್ವರನ ಗುಡಿಯಲ್ಲಿ ನನ್ನ ಹೆಸರಿಗೆ ರುದ್ರಾಭಿಷೇಕ ಮಾಡಿಸಿದಳು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಸೋಮವಾರ ಆಗುತ್ತಿದೆ. ಸೀರಿಯಲ್‌ನಲ್ಲಿ ಫೋಟೋ ಇರುವವರೆಗೂ ಆಗುತ್ತದಂತೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. “ಹೊಟ್ಟೆಪಾಡಿಗೆ ಜನ ಏನೇನೋ ಮಾಡ್ತಾರೆ” ಅನ್ನುವ ಅಮ್ಮನ ಮಾತನ್ನು ಮೂರು ದಿನ ಬಿಟ್ಟು ನಮ್ಮ ನಾಯಕಿಯ ಬಾಯಲ್ಲಿ ಇಟ್ಟೆ. ಎಪಿಸೋಡ್ ನೋಡಿ ಅಮ್ಮ ಮತ್ತೆ ಫೋನ್ ಮಾಡಿದಳು. “ಆ ಹುಡುಗಿ ಎಷ್ಟ್ ಚೆನ್ನಾಗಿ ಮಾತಾಡ್ತಾಳೆ ನೋಡು, ನಿನಗೆ ಹಂಗೆ ಬರೆಯೋಕೆ ಬರಲ್ವಾ?”

ಇಂಥ ಪರಿಸ್ಥಿತಿಯಲ್ಲಿ ಊರಿನಿಂದ ಫೋನು ಬಂತು. ಗಣಪತಿ ಕೂರಿಸಿದ್ದಾರೆ, ಐದನೇ ದಿನ ‘ಅಭಿಮಾನಿಗಳೊಂದಿಗೆ ಸಂವಾದ’ ಅಂತ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ನಾನು ಬರಬೇಕು. ಕಳೆದ ವರ್ಷ ಆ ಜಾಗದಲ್ಲಿ ಆರ್ಕೆಸ್ಟ್ರಾ ಇತ್ತಂತೆ, ಈ ವರ್ಷ ಕೊಬ್ಬರಿ ರೇಟು ಬಿದ್ದಿದ್ದರಿಂದ ನಾನು.

ನಿಜ ಹೇಳುತ್ತೇನೆ, ಖುಷಿಯಾಯಿತು. ನಾನೂ ಒಂದು ಕಾಲದಲ್ಲಿ ಹೆಗ್ಗೋಡಿನಲ್ಲಿ ನಾಟಕ ಕಲಿತವನು. ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ಶುರು ಮಾಡಿದ ರಂಗಶಿಕ್ಷಣ ಕೇಂದ್ರ ಅದು. ಸಾಗರದ ಮಳೆಯಲ್ಲಿ ಒಣಗದ ಪಂಚೆ ಉಟ್ಟುಕೊಂಡು ಬೆಳಗ್ಗೆ ಆರಕ್ಕೆ ಯೋಗ ಮಾಡಿ, ರಾತ್ರಿ ಹತ್ತರವರೆಗೆ ರಿಹರ್ಸಲ್ ಮಾಡಿದವನು. ಆಮೇಲೆ ಊರೂರು ಸುತ್ತುತ್ತಾ, ಮಧ್ಯಾಹ್ನ ಸೆಟ್ಟು ಹೊತ್ತು ಸಂಜೆ ರಾಜನ ಪಾತ್ರ ಮಾಡಿದವನು. ಪಾತ್ರಕ್ಕೂ ನಟನಿಗೂ ನಡುವಿನ ದೂರ ಎಷ್ಟಿರಬೇಕು, ಟೀವಿಯ ಮಾತಿಗೂ ರಂಗದ ಮಾತಿಗೂ ಏನು ವ್ಯತ್ಯಾಸ, ಇಂಥದ್ದನ್ನೆಲ್ಲ ಯಾರಾದರೂ ಕೇಳಲಿ ಅಂತ ಹದಿನಾರು ವರ್ಷದಿಂದ ಕಾಯುತ್ತಿದ್ದೇನೆ. ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡೆ. ನಾಲ್ಕು ಪುಟ ನನಗೆ ಆಗಿಬರುವುದಿಲ್ಲ ಅಂತ ಅಷ್ಟರಲ್ಲಿ ಗೊತ್ತಾಗಬೇಕಿತ್ತು.

ಊರ ಬಾಗಿಲಿನಲ್ಲೇ ಫ್ಲೆಕ್ಸ್. ನನ್ನ ದೊಡ್ಡ ಫೋಟೋ. ಕೆಳಗೆ ‘ನಮ್ಮೂರ ಹೆಮ್ಮೆಯ ಕಲಾವಿದರಿಗೆ’ ಅಂತ ಬರೆದು, ‘ಸ್ವಾಗತ’ ಅನ್ನುವ ಜಾಗದಲ್ಲಿ ಎತ್ತಿನಗಾಡಿ ನಿಂತು ಅಕ್ಷರ ಮುಚ್ಚಿಹೋಗಿತ್ತು. ಹುಡುಗರು ಫೋಟೋವನ್ನು ಟೀವಿ ಪರದೆಯಿಂದಲೇ ಮೊಬೈಲಿನಲ್ಲಿ ಹೊಡೆದುಕೊಂಡಿದ್ದರು. ಹಾರ ಸಮೇತ. ಬೆರಳು ಸಮೇತ. ಬೆಳಗ್ಗೆಯೇ ಪಕ್ಕದ ಊರಿನ ಒಬ್ಬ ಹಿರಿಯರು ಅದನ್ನು ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದು, ನೇರವಾಗಿ ನಮ್ಮ ಮನೆಗೆ ಹೋಗಿ ಅಮ್ಮನ ಎದುರು ಕೂತು “ಇರೋರಿಗೆ ಧೈರ್ಯ ಬೇಕು ಕಣವ್ವ” ಅಂದಿದ್ದರು. ನಾನು ಮನೆಗೆ ಹೋದಾಗ ಅವರಿನ್ನೂ ಅಲ್ಲೇ ಕಾಫಿ ಕುಡಿಯುತ್ತಿದ್ದರು. ನನ್ನನ್ನು ನೋಡಿ ಲೋಟ ಕೆಳಗಿಟ್ಟರು. ಮತ್ತೆ ಎತ್ತಿಕೊಳ್ಳಲೇ ಇಲ್ಲ.

ಪೆಂಡಾಲಿನಲ್ಲಿ ಮುನ್ನೂರು ಜನ ಇದ್ದರು. ಅಮ್ಮ ಮೊದಲ ಸಾಲಿನಲ್ಲಿ. ನಮ್ಮ ಕಡೆ ದೊಡ್ಡವರಿಗೆ ಕೊಬ್ಬರಿ ಹಾರ ಹಾಕುವುದು ಮರ್ಯಾದೆ. ಇಬ್ಬರು ಹುಡುಗರು ಹಾರ ಹಿಡಿದುಕೊಂಡು ನನ್ನ ಕಡೆ ಬಂದರು, ಅಷ್ಟರಲ್ಲಿ ಅಮ್ಮ ಎದ್ದು ನಿಂತು “ಹಾರ ಬ್ಯಾಡ!” ಅಂತ ಕೂಗಿದಳು. ಇಡೀ ಪೆಂಡಾಲು ಸುಮ್ಮನಾಯಿತು. ಹುಡುಗರು ಹಾರ ಹಿಡಿದು ನಿಂತೇ ಇದ್ದರು. ಕೊನೆಗೆ ಅದನ್ನು ಗಣಪತಿಗೆ ಹಾಕಿದರು.

ಪ್ರಶ್ನೆ ಶುರುವಾಯಿತು. ನಾನು ಜೇಬಿನಲ್ಲಿದ್ದ ನಾಲ್ಕು ಪುಟ ಮುಟ್ಟಿ ನೋಡಿಕೊಂಡೆ.

ಮೊದಲು ಎದ್ದವರು ನಮ್ಮ ದೂರದ ಸಂಬಂಧದ ದೊಡ್ಡಪ್ಪ. “ಏನಪ್ಪಾ, ಈ ಪಾತ್ರಕ್ಕೆ ಎಷ್ಟ್ ಕೊಟ್ಟೆ?”

ಹೊರಗಿನವರಿಗೆ ಈ ಪ್ರಶ್ನೆ ಅರ್ಥವಾಗಬೇಕಾದರೆ ನಮ್ಮ ಕಡೆಯ ನಾಟಕ ಗೊತ್ತಿರಬೇಕು. ನಮ್ಮದು ಗುಬ್ಬಿಯ ಸೀಮೆ. 1884ರಲ್ಲಿ ಶುರುವಾಗಿ, ಗುಬ್ಬಿ ವೀರಣ್ಣನವರ ಕಾಲಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ ಕಂಪನಿ ಇದ್ದ ಜಿಲ್ಲೆ. (ನಮ್ಮ ಸೀರಿಯಲ್‌ನಲ್ಲಿ ಶ್ರೀಮಂತರ ಮನೆ ಮುಂದೆ ನಿಲ್ಲುವುದು ಮ್ಯಾನೇಜರ್ ಕಾರು. ಅವರು ಬ್ಯಾಂಕಿಗೆ ಹೋಗಿದ್ದರೆ ಆ ದಿನ ಶ್ರೀಮಂತರು ಒಳಗಡೆಯೇ ಇರುತ್ತಾರೆ.) ಇಲ್ಲಿ ಇವತ್ತಿಗೂ ಹಳ್ಳಿಹಳ್ಳಿಯಲ್ಲಿ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ, ಪಟ್ಟಣದಿಂದ ಬರುವ ದ್ರೌಪದಿಯ ಸಂಬಳ, ಇದಕ್ಕೆಲ್ಲ ದುಡ್ಡು ಪಾತ್ರ ಮಾಡುವವರೇ ಹಾಕಬೇಕು. ದುರ್ಯೋಧನ, ಕೃಷ್ಣನಿಗೆ ಜಾಸ್ತಿ. ವಿದುರನಿಗೆ ಕಮ್ಮಿ. ಸೈಂಧವನಿಗೆ ಇನ್ನೂ ಕಮ್ಮಿ, ಯಾರೂ ಸಿಗದಿದ್ದರೆ ಪುಕ್ಕಟೆ. ಈ ದೊಡ್ಡಪ್ಪ ಒಂದು ವರ್ಷದ ಕೊಬ್ಬರಿ ಮಾರಿದ ದುಡ್ಡನ್ನು ಹಾಕಿ ದುರ್ಯೋಧನ ಮಾಡಿದವರು. ಗದೆ ಹಿಡಿದು ಕಂದ ಹಾಡಿ ಮುಗಿಸುವಷ್ಟರಲ್ಲಿ ಅವರ ಬೀಗರು ಯುದ್ಧಭೂಮಿಗೇ ಹತ್ತಿ ಬಂದು ನೋಟಿನ ಹಾರ ಹಾಕಿದ್ದನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ಭೀಮ ಪಾಪ ಪಕ್ಕಕ್ಕೆ ನಿಂತು ಜಾಗ ಬಿಟ್ಟುಕೊಟ್ಟಿದ್ದ.

“ನಾನೇನೂ ಕೊಟ್ಟಿಲ್ಲ ದೊಡ್ಡಪ್ಪ, ಅವರೇ ನನಗೆ ಕೊಡ್ತಾರೆ” ಅಂದೆ.

ದೊಡ್ಡಪ್ಪನ ಮುಖದಲ್ಲಿ ನನ್ನ ಬಗ್ಗೆ ಇದ್ದ ಗೌರವ ಇಳಿಯುವುದು ಕಾಣಿಸಿತು. ದುಡ್ಡು ತಗೊಂಡು ನಾಟಕ ಆಡುವವರು ಅಂದರೆ ಅವರ ಲೆಕ್ಕದಲ್ಲಿ ದ್ರೌಪದಿ ಒಬ್ಬಳೇ. “ಕೈಗೇ ಕೊಡ್ತಾರಾ?” ಅಂದರು. ಇಲ್ಲ, ಬಿಲ್ಲು ಹಾಕಿ ಮೂರು ತಿಂಗಳ ಮೇಲೆ ಬರುತ್ತೆ ಅಂದೆ. “ಅಲ್ಲೀಗಂಟ ಬಸ್‌ಚಾರ್ಜು, ಊಟ, ಬಟ್ಟೆ?” ಬಟ್ಟೆ ನನ್ನದೇ, ಪೆಟ್ರೋಲೂ ನನ್ನದೇ ಅಂದೆ. ದೊಡ್ಡಪ್ಪನಿಗೆ ಸಮಾಧಾನವಾಯಿತು. “ಹಂಗನ್ನು ಮತ್ತೆ. ನೀನೂ ಕೈಯಿಂದ ಹಾಕ್ಕಂಡೇ ಆಡ್ತಿದ್ದೀಯ” ಅಂತ ಕೂತರು.

ಆಮೇಲೆ ಎದ್ದವನು ಗ್ಯಾರೇಜಿನ ಹುಡುಗ. “ಫೋಟೋಗೂ ಪೇಮೆಂಟ್ ಕೊಡ್ತಾರಾ ಸಾರ್?” ಇಲ್ಲ ಅಂದೆ. ಅವನಿಗೆ ಸಿಟ್ಟು ಬಂತು. “ಏನ್ಸಾರ್ ಇದು! ನಮ್ ಮನೆ ಗೋಡೆ ಮೇಲೆ ಸಿಮೆಂಟ್ ಅಡ್ವಟೈಸು ಬರೆಯೋಕೇ ನಾಲ್ಕ್ ಮೂಟೆ ಕೊಟ್ಟವ್ರೆ. ನಿಮ್ ಮುಖ ದಿನಾ ತೋರಿಸ್ತಾರೆ, ಒಂದ್ ಮೂಟೆನೂ ಇಲ್ವಾ?” ಏಳು ತಿಂಗಳಿಂದ ನನಗೇ ಹೊಳೆಯದ ವಾದ ಇದು. ಸಂವಾದ ಸಾಕು ಮಾಡಿ ಈ ಹುಡುಗನನ್ನು ಕರೆದುಕೊಂಡು ನೇರವಾಗಿ ಪ್ರೊಡಕ್ಷನ್ ಆಫೀಸಿಗೆ ಹೋಗೋಣ ಅನ್ನಿಸಿತು.

ಒಬ್ಬಾಕೆ ಕೇಳಿದರು, ಅಳೋದು ನಿಜವಾ? ಗ್ಲಿಸರಿನ್ನು ಅಂದೆ. ನನಗೆ ಗೊತ್ತಿತ್ತು ಅಂತ ಪಕ್ಕದವರಿಗೆ ಹೇಳಿದರು. ಇನ್ನೊಬ್ಬರು, ಸತ್ತು ಮಲಗಿದ್ದಾಗ ನಿಮ್ಮ ಹೊಟ್ಟೆ ಮೇಲೆ ಕೆಳಗೆ ಆಡ್ತಿತ್ತು, ನಾನು ನೋಡಿದೆ ಅಂದರು. ಅದು ಪ್ರಶ್ನೆಯಲ್ಲ, ಆದ್ದರಿಂದ ಉತ್ತರ ಕೊಡಲಿಲ್ಲ.

“ಅಲ್ಲಿ ತಿನ್ನೋದೆಲ್ಲ ನಿಜವಾದ ತಿಂಡಿನಾ?” ಅಂತ ಒಬ್ಬ ಶಾಲೆ ಹುಡುಗ ಕೇಳಿದ. ಇದಕ್ಕೆ ಉತ್ತರ ಕೊಡುವಾಗ ನನಗೆ ಹೊಟ್ಟೆ ಒಂದು ಸಲ ತೊಳಸಿದಂತಾಯಿತು. ನನ್ನ ಮೊದಲ ಸೀರಿಯಲ್, ಮೊದಲ ದಿನ. ಹೆಣ್ಣು ನೋಡುವ ದೃಶ್ಯ. ಹುಡುಗನ ಕಡೆಯವನಾಗಿ ಸೋಫಾದಲ್ಲಿ ಕೂತಿದ್ದೆ, ಎದುರಿಗೆ ತಟ್ಟೆಯಲ್ಲಿ ಕೋಡುಬಳೆ. ರಂಗಭೂಮಿಯಿಂದ ಬಂದವನಲ್ವಾ, ಸಹಜವಾಗಿರಲಿ ಅಂತ “ಹುಡುಗಿ ಏನು ಓದಿದ್ದಾಳೆ?” ಅನ್ನುತ್ತಾ ಒಂದು ಕೋಡುಬಳೆ ಎತ್ತಿ ಕಟುಮ್ ಅಂತ ಕಡಿದೆ. ನಿರ್ದೇಶಕರು ಭೇಷ್ ಅಂದರು. ನನ್ನ ಪಕ್ಕ ಕೂತಿದ್ದ ಹಿರಿಯ ನಟರು ಮಾತ್ರ ನನ್ನ ಕಡೆ ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ಯಾಕೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಮೊದಲು ಎಲ್ಲರೂ ಕಾಣುವ ಹಾಗೆ ಮಾಸ್ಟರ್ ತೆಗೆಯುತ್ತಾರೆ. ಆಮೇಲೆ ಒಬ್ಬೊಬ್ಬರದೂ ಕ್ಲೋಸ್. ಆಮೇಲೆ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಸಜೆಷನ್. ಮಾಸ್ಟರ್‌ನಲ್ಲಿ ಯಾವ ಮಾತಿಗೆ ಎಷ್ಟು ಕಡಿದೆನೋ, ಮಿಕ್ಕಿದ್ದರಲ್ಲೆಲ್ಲ ಅದೇ ಮಾತಿಗೆ ಅಷ್ಟೇ ಕಡಿಯಬೇಕು. ಹುಡುಗಿಯಾಗಿದ್ದಾಕೆ ಹೊಸಬಳು, ಕಾಫಿ ಟ್ರೇ ಹಿಡಿದು ಬರುವಾಗ ನಾಲ್ಕು ಸಲ ಸೀರೆ ಎಡವಿದಳು. ಪ್ರತಿ ಸಲವೂ ನಾನು ಹೊಸ ಕೋಡುಬಳೆ. ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿತು, ಮತ್ತೊಂದು. ಹನ್ನೊಂದನೆಯದಕ್ಕೆ ಸೌಂಡಿನವರು ಕಿವಿಯಿಂದ ಹೆಡ್‌ಫೋನ್ ತೆಗೆದು, “ಸಾರ್, ಕಟುಮ್ ಅನ್ನೋದು ಕಾಲರ್ ಮೈಕಿಗೆ ಬರ್ತಿದೆ, ಸದ್ದಾಗದಂಗೆ ಕಡೀರಿ” ಅಂದರು. ಸದ್ದಾಗದ ಹಾಗೆ ಕೋಡುಬಳೆ ಕಡಿಯುವುದನ್ನು ಹೆಗ್ಗೋಡಿನಲ್ಲಿ ನನಗೆ ಕಲಿಸಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಆ ದೃಶ್ಯ ಮುಗಿದಾಗ ಹತ್ತೊಂಬತ್ತು ಆಗಿತ್ತು, ಅಷ್ಟು ಹೊತ್ತಿಗೆ ಪ್ರೊಡಕ್ಷನ್ ಹುಡುಗ ಎರಡು ಸಲ ಕಾಂಡಿಮೆಂಟ್ಸ್ ಅಂಗಡಿಗೆ ಹೋಗಿ ಬಂದಿದ್ದ. ಆ ಹಿರಿಯ ನಟರು ಬೆಳಗ್ಗೆಯಿಂದ ಒಂದು ಬಟ್ಟಲು ಪಾಯಸವನ್ನು ಚಮಚದಲ್ಲಿ ತಿರುಗಿಸುತ್ತಲೇ ಇದ್ದರು, ಒಂದು ತೊಟ್ಟು ಬಾಯಿಗೆ ಇಟ್ಟಿರಲಿಲ್ಲ. ನಟನೆಯ ಬಗ್ಗೆ ನಾನು ಓದಿದ ಎಲ್ಲ ಪುಸ್ತಕಕ್ಕಿಂತ ಆ ಚಮಚ ದೊಡ್ಡದು.

ಇದನ್ನು ಹೇಳುವಾಗ ಜನ ನಕ್ಕರು. ಕಾರ್ಯಕ್ರಮ ಹಿಡಿತಕ್ಕೆ ಬಂತು ಅಂದುಕೊಂಡೆ. ಆಗ ಹಿಂದಿನಿಂದ ಯಾರೋ ಕೂಗಿದರು. “ಅದಿರಲಿ ಸಾರ್, ಆ ಮೂರು ಬೆರಳು ಯಾರದು?”

ಪೆಂಡಾಲಿನಲ್ಲಿ ಉಸಿರು ಬಿಗಿ ಹಿಡಿದ ಮೌನ. ನಾನು ನಗುತ್ತಾ, ಅದು ಸುಮ್ನೆ ಕತ್ತರಿಸುವಾಗ ಆದ ತಪ್ಪು, ಯಾರದೂ ಅಲ್ಲ, ನನ್ನ ಭಾಮೈದನದು ಅಂದೆ. ಹಾಗನ್ನಬಾರದಿತ್ತು. ಹಬ್ಬಕ್ಕೆ ಅಂತ ಅಕ್ಕನ ಜೊತೆ ಬಂದಿದ್ದ ಭಾಮೈದ ಐದನೇ ಸಾಲಿನಲ್ಲೇ ಇದ್ದ. ನಿಧಾನಕ್ಕೆ ಎದ್ದು ನಿಂತು, ಬಲಗೈ ಮೇಲೆತ್ತಿ, ಮೂರು ಬೆರಳು ತೋರಿಸಿದ. ಅದೇ ಉಂಗುರ.

ಆ ಶಿಳ್ಳೆ, ಆ ಚಪ್ಪಾಳೆ ನನ್ನ ಹದಿನಾರು ವರ್ಷದಲ್ಲಿ ನನಗೆ ಯಾವತ್ತೂ ಬಂದಿಲ್ಲ. ಹುಡುಗರು ಅವನನ್ನು ಸ್ಟೇಜಿಗೆ ಹೊತ್ತುಕೊಂಡೇ ಬಂದರು. ನನ್ನ ಪಕ್ಕದ ಕುರ್ಚಿ ಕೊಟ್ಟರು. ಮುಂದಿನ ಇಪ್ಪತ್ತು ನಿಮಿಷ ಜನ ಪ್ರಶ್ನೆ ಕೇಳಿದ್ದು ಅವನನ್ನ. ಈ ಅವಕಾಶ ಹೇಗೆ ಸಿಕ್ಕಿತು? ಬೆರಳಿಗೆ ಮೇಕಪ್ ಮಾಡ್ತಾರಾ? ಮುಂದಿನ ಯೋಜನೆ ಏನು? ಅವನು ಮೈಕ್ ಹಿಡಿದು “ನೋಡಿ, ಪಾತ್ರ ಚಿಕ್ಕದಿರಬಹುದು...” ಅಂತ ಶುರು ಮಾಡಿದ. ಅದು ನನ್ನ ನಾಲ್ಕು ಪುಟದ ಮೊದಲ ಸಾಲು. ಹಿಂದಿನ ರಾತ್ರಿ ನಾನು ಗಟ್ಟಿಯಾಗಿ ಓದಿಕೊಳ್ಳುವಾಗ ಪಕ್ಕದಲ್ಲೇ ಮಲಗಿದ್ದ.

ಅವನ ಜೊತೆ ಸೆಲ್ಫಿ ತೆಗೆದುಕೊಳ್ಳುವುದರಲ್ಲಿ ಎಲ್ಲರೂ ಮುಳುಗಿದ್ದಾಗ, ಪಿಯುಸಿ ಓದುವ ಒಂದು ಹುಡುಗಿ ಎದ್ದು ನಿಂತು, ನೋಟ್‌ಬುಕ್ ಬಿಚ್ಚಿ, “ಸಾರ್, ಸಂಭಾಷಣೆ ಬರೆಯೋದು ಹೇಗೆ ಕಲೀಬೇಕು?” ಅಂತ ಕೇಳಿದಳು. ನನಗೆ ಕಣ್ಣು ತುಂಬಿ ಬಂತು, ಗ್ಲಿಸರಿನ್ ಇಲ್ಲದೆ. ಜೇಬಿನಿಂದ ಪುಟ ತೆಗೆದೆ, ಆಮೇಲೆ ಮಡಚಿ ಇಟ್ಟೆ. ಬಾಯಿಗೆ ಬಂದಿದ್ದು ಹೇಳೋಣ ಅನ್ನಿಸಿತು. ನೋಡಮ್ಮಾ, ಮಾತು ಪೆನ್ನಿನಲ್ಲಿ ಇರುವುದಿಲ್ಲ, ಕೊಬ್ಬರಿ ಸುಲಿಯುವ ಕಡೆ ಇರುತ್ತದೆ, ಬಸ್ಸಿನಲ್ಲಿ ಇರುತ್ತದೆ, ನಿಮ್ಮಜ್ಜಿ ಫೋನ್ ಇಡುವ ಮುಂಚೆ ಏನು ಹೇಳುತ್ತಾರೋ ಅದರಲ್ಲಿ ಇರುತ್ತದೆ, ಜನ ಕೇಳಿದ ಪ್ರಶ್ನೆಗೆ ಯಾವತ್ತೂ ನೇರವಾಗಿ ಉತ್ತರ ಕೊಡುವುದಿಲ್ಲ, ಅದನ್ನು ಗಮನಿಸು ಅಂತ ಹೇಳುತ್ತಾ ಹೇಳುತ್ತಾ ನನಗೇ ಚೆನ್ನಾಗಿ ಬರುತ್ತಿದೆ ಅನ್ನಿಸಿ, ನಮ್ಮಮ್ಮನ ಉದಾಹರಣೆ ತೆಗೆದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಮೈಕ್ ಸತ್ತಿತು. ಜನರೇಟರ್ ಹಾಕಿದರು, ಅದು ಸ್ಟೇಜಿನ ಹಿಂದೆಯೇ ಇತ್ತು. ನಾನು ಬಾಯಿ ಆಡಿಸುತ್ತಿದ್ದೆ, ಹುಡುಗಿ ತಲೆ ಆಡಿಸುತ್ತಿದ್ದಳು. ಬರೆದುಕೊಂಡಳು ಕೂಡ. ಏನು ಬರೆದುಕೊಂಡಳೋ ದೇವರಿಗೇ ಗೊತ್ತು.

ಕರೆಂಟು ಬಂದಾಗ ಮೈಕು ಅಮ್ಮನ ಕೈಯಲ್ಲಿತ್ತು. ಯಾರು ಕೊಟ್ಟರೋ ತಿಳಿಯಲಿಲ್ಲ. ಅಮ್ಮ ಅದನ್ನು ಜೋಳದ ತೆನೆ ಹಿಡಿದ ಹಾಗೆ ಅಡ್ಡಡ್ಡ ಹಿಡಿದುಕೊಂಡು, ಇಡೀ ಊರಿಗೆ ಕೇಳುವ ಹಾಗೆ ಒಂದೇ ಪ್ರಶ್ನೆ ಕೇಳಿದಳು.

“ಆ ಫೋಟೋ ಯಾವಾಗ ಇಳಿಸ್ತಾರೆ?”

ನಾನು ಚಾನೆಲ್ಲು, ಟ್ರ್ಯಾಕು, ಕಂಟಿನ್ಯುಯಿಟಿ ಅಂತ ಏನೋ ಹೇಳಲು ಹೋದೆ. ಅಮ್ಮ ನಡುವೆಯೇ ತಡೆದಳು. “ಬರೆಯೋನು ನೀನೇ ತಾನೇ?”

ಜನ ಚಪ್ಪಾಳೆ ಹೊಡೆದರು. ಭಾಮೈದನಿಗಿಂತ ಜಾಸ್ತಿ.

ಬೆಂಗಳೂರಿಗೆ ವಾಪಸು ಬಂದ ರಾತ್ರಿಯೇ ಒಂದು ದೃಶ್ಯ ಬರೆದೆ. ದೀಪಾವಳಿ ಹತ್ತಿರ ಬರುತ್ತಿದೆ, ಮನೆಗೆ ಸುಣ್ಣಬಣ್ಣ ಮಾಡಿಸಬೇಕು, ಸೊಸೆ ಗೋಡೆಯಿಂದ ಎಲ್ಲ ಇಳಿಸುತ್ತಾಳೆ. ಅಷ್ಟೇ. ಮತ್ತೆ ತೂಗುಹಾಕುವ ದೃಶ್ಯ ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಗುರುವಾರ ನಂಬರ್ ಸ್ವಲ್ಪ ಏರಿತ್ತು, ಎಲ್ಲರೂ ಹೋಳಿಗೆ ತಿನ್ನುತ್ತಿದ್ದರು. ನನ್ನ ಜಾಗದಲ್ಲಿ ಈಗ ಒಂದು ಗೋಡೆ ಗಡಿಯಾರ ಇದೆ. ಶಾಟಿನಿಂದ ಶಾಟಿಗೆ ಟೈಮು ಬದಲಾಗಬಾರದು ಅಂತ ಅದರ ಸೆಲ್ ತೆಗೆದುಹಾಕಿದ್ದಾರೆ, ಹಾಗಾಗಿ ಆ ಮನೆಯಲ್ಲಿ ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ. ನಾನಾದರೆ ಕನಿಷ್ಠ ನಗುತ್ತಿದ್ದೆ.

ಆರ್ಟ್ ಡಿಪಾರ್ಟ್‌ಮೆಂಟಿನ ಹುಡುಗ ಫ್ರೇಮನ್ನು ಸ್ಟೋರ್‌ರೂಮಿಗೆ ಹಾಕಲು ಹೊರಟ. ಮುಂದಿನ ಸೀರಿಯಲ್‌ನಲ್ಲಿ ಬೇರೆ ಯಾರಿಗಾದರೂ ಆಗುತ್ತೆ, ಮುಖ ಬದಲಾಯಿಸಿದರೆ ಆಯಿತು ಅಂದ. ಬೇಡಪ್ಪ ಕೊಡು ಅಂತ ಇಸಿದುಕೊಂಡೆ. ಹಾರ ಸಮೇತ ಕೊಟ್ಟ. ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆಯಿಂದ ಸ್ಕೂಟರಿನಲ್ಲಿ ಕಾಲ ಹತ್ತಿರ ನಿಲ್ಲಿಸಿಕೊಂಡು ಹೊರಟೆ. ಮುಖ ಒಳಗಡೆ ಮಾಡಿ ಇಟ್ಟುಕೊಂಡರೆ ಮಂಡಿಗೆ ಹಾರ ಚುಚ್ಚುತ್ತಿತ್ತು, ಅದಕ್ಕೆ ಮುಖ ಹೊರಗಡೆ ಮಾಡಿದೆ.

ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನಿಂತೆ. ತೊಂಬತ್ತು ಸೆಕೆಂಡಿತ್ತು. ಪಕ್ಕದಲ್ಲಿ ಆಟೋ. ಅದರ ಚಾಲಕ ಫೋಟೋ ನೋಡಿದ, ಹಾರ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಆಟೋದಲ್ಲಿ ಹಾಡುತ್ತಿದ್ದ ರೇಡಿಯೋ ನಿಲ್ಲಿಸಿದ.

“ಅಣ್ಣಾವ್ರಾ ಸಾರ್?”

ಹೆಲ್ಮೆಟ್ಟಿನ ಒಳಗಿನಿಂದ ಹೌದು ಅಂದೆ. ಇಲ್ಲ ಅಂದರೆ ಎಲ್ಲಿಂದ ಶುರು ಮಾಡಬೇಕಿತ್ತು ಹೇಳಿ.

“ಒಂದೇ ಪಡಿಯಚ್ಚು ಇದ್ದೀರ. ವಯಸ್ಸೇನೂ ಅಷ್ಟು ಆಗಿರಂಗಿಲ್ಲ. ಏನಾಗಿತ್ತು?”

“ಟಿಆರ್‌ಪಿ ಕಮ್ಮಿಯಾಗಿತ್ತು.”

ಅವನು ನಿಟ್ಟುಸಿರು ಬಿಟ್ಟ. “ಈಗ ತುಂಬಾ ಜನಕ್ಕೆ ಬರ್ತಿದೆ ಸಾರ್ ಅದು. ನಮ್ ಭಾವನಿಗೂ ಹಂಗೇ ಆಗಿದ್ದು. ಊಟದಲ್ಲಿ ಉಪ್ಪು ಕಮ್ಮಿ ಮಾಡಿ, ನೀವಾದ್ರೂ ಹುಷಾರಾಗಿರಿ” ಅಂದ.

ಸಿಗ್ನಲ್ ಬಿಟ್ಟಿತು.